ಸೆಂಗಾ ಊರಿದ ಮೊಣಕಾಲು

ಕಂಪಾಲಾ,
ಜುಲೈ 9

ಪ್ರೀತಿಯ ಸೆಂಗಾ,

ರಾತ್ರಿ ಹೇಗೆ ಕಳೆದಿರಿ? ಮೊಣಕಾಲೂರಿ ಕೇಳುತ್ತಿದ್ದೇನೆ ಎಂದು ಬರೆಯುವುದು ಎಷ್ಟು ಸುಲಭ ನೋಡಿ. ಕಾಗದದ ಮೇಲೆ ಊರಿದರೆ ಯಾರಿಗೂ ನೋಯುವುದಿಲ್ಲ. ನೀವು ಆಸ್ಪತ್ರೆಯಿಂದ ಮನೆಗೆ ಹೋದ ದಿನವೇ ಬರೆಯಬೇಕಿತ್ತು. ಕ್ಷಮಿಸಿ. ಪರೀಕ್ಷೆಯ ನೆಪ ಹೇಳಬಹುದು, ನಿಜವಾಗಿ ತಡೆದದ್ದು ಭಯ. ನರ್ಸಿಂಗ್ ಓದಲು ಬಂದು ಇನ್ನೂ ವರ್ಷ ತುಂಬದವಳು, ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಸಾಕಿದ ಸೆಂಗಾಗೇ, ಅಪ್ಪನ ಅಕ್ಕನಿಗೇ, ಬುದ್ಧಿ ಹೇಳುವುದೆಂದರೆ! ಅದೂ ಲುಗಾಂಡದಲ್ಲಿ. ಚಿಕ್ಕಂದಿನಿಂದ ಹಾಸ್ಟೆಲಿನ ಅನ್ನ ತಿಂದ ಕೈ ಇದು, ಅರ್ಧ ವಾಕ್ಯ ಇಂಗ್ಲಿಷಿಗೆ ಹೊರಳುತ್ತದೆ. ಹೊಡೆದುಹಾಕಿ ಮತ್ತೆ ಬರೆಯುತ್ತಿದ್ದೇನೆ.

ಮೊನ್ನೆ ತರಗತಿಯಲ್ಲಿ ನಿಮ್ಮ ಮೊಣಕಾಲಿನ ಪಾಠವೇ ಬಂತು. ಚಿಪ್ಪಿನ ಮೇಲೆ, ಚರ್ಮದ ಅಡಿಯಲ್ಲಿ, ತೆಳ್ಳಗಿನ ಒಂದು ಚೀಲವಿರುತ್ತದೆ. ಬರ್ಸಾ ಅಂತ ಅದರ ಹೆಸರು. ಚರ್ಮ ಮೂಳೆಗೆ ಉಜ್ಜದಿರಲೆಂದು ಒಳಗೆ ಚೂರೇ ಚೂರು ಜಾರುವ ನೀರು. ವರ್ಷಗಟ್ಟಲೆ ಅದರ ಮೇಲೇ ಭಾರ ಬಿದ್ದರೆ ಚೀಲ ಕೆರಳಿ ನೀರು ತುಂಬಿಕೊಂಡು ಊದುತ್ತದೆ. ಪ್ಯಾಶನ್ ಹಣ್ಣಿನಷ್ಟು ದಪ್ಪದ ಗಂಟನ್ನು ನೀವು ಗೊಮೆಸಿ ಉಡುಗೆಯ ನೆರಿಗೆಯೊಳಗೆ ಬಚ್ಚಿಟ್ಟುಕೊಂಡಿದ್ದಿರಲ್ಲ, ಅದೇ. ಪುಸ್ತಕದಲ್ಲಿ ಇದಕ್ಕೆ ‘ಮನೆಗೆಲಸದವಳ ಮೊಣಕಾಲು’ ಎಂಬ ಹೆಸರೂ ಇದೆ, ನೆಲ ಒರೆಸುವವರಿಗೆ ಬರುತ್ತದೆಂದು. ಉತ್ತರದ ಕಡೆಯ ಹುಡುಗ ಒಕೆಲ್ಲೊ ಎದ್ದು ನಿಂತು, “ಮೇಡಂ, ಈ ಪುಸ್ತಕ ಬರೆದೋನು ಬುಗಾಂಡಕ್ಕೆ ಬಂದೇ ಇಲ್ಲ! ಇಲ್ಲಿ ಹೆಂಗಸರ ಮಂಡಿ ನೆಲಕ್ಕೂರಿ ನಮಸ್ಕಾರ ಮಾಡೀ ಮಾಡೀನೇ ಸವೆಯೋದು” ಅಂದ. ಎಲ್ಲರೂ ನಕ್ಕರು. ನನಗೆ ಆಗಲಿಲ್ಲ.

ಅಕ್ಕ ನಕಿಟ್ಟೊಳನ್ನು ಗಂಡಿನ ಕಡೆಯವರು ಕೇಳಲು ಬಂದ ದಿನವೇ ಕಣ್ಣ ಮುಂದೆ ಬಂತು. ಹೆಣ್ಣಿನ ಸೆಂಗಾ ತಾನೇ ಬಾಗಿ ಅವರನ್ನು ಎದುರುಗೊಳ್ಳಬೇಕು. ನಾನು ಜಾಣೆಯ ಹಾಗೆ ನಿಮಗೊಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದೆ. ಅವರ ಪರ ಮಾತಾಡಲು ಬಂದ ಮಾತುಗಾರ ಬಿಡುತ್ತಾನೆಯೇ? “ಈ ಮನೆಯ ಸೆಂಗಾ ಕುರ್ಚಿ ಮೇಲಿಂದಾನೇ ಹುಡುಗಿ ಕೊಡ್ತಾರೇನಪ್ಪಾ? ಹಾಗಿದ್ರೆ ನಾವು ಹಲಸಿನ ಮರ ಹತ್ತಿ ಕೇಳ್ಬೇಕಾಗುತ್ತೆ!” ಚಪ್ಪರವೆಲ್ಲ ನಗು. ನೀವೂ ನಗುತ್ತಲೇ ಕುರ್ಚಿಯಿಂದ ಜಾರಿ ಮೊಣಕಾಲೂರಿದಿರಿ. ಚಾಪೆಯ ಅಡಿ ಜಲ್ಲಿ ಇತ್ತು. ಊದಿದ ಚರ್ಮ ಸೀಳಿತು. ಅದರ ಮೇಲೆ ಸೊಪ್ಪು ಅರೆದು ಬಾಳೆಲೆಯಲ್ಲಿ ಬಿಗಿದು ಕಟ್ಟಿದಿರಿ. ಕೀವಾಯಿತು, ಜ್ವರ ಬಂತು.

ಆಸ್ಪತ್ರೆಯಲ್ಲಿ ಡಾಕ್ಟರು ಒಳಗೆ ಬಂದದ್ದೇ ತಡ, ನೀವು ಮಂಚದಿಂದ ಇಳಿಯುತ್ತಿದ್ದಿರಿ. “ಅಮ್ಮಾ, ಏಳಿ ಮೇಲೆ! ಇದನ್ನೇ ಬಿಡಿ ಅಂತಿರೋದು ನಾನು.” ನೀವು ಕೇಳಿದಿರಿ, “ಇದೂ ಬಿಡ್ಬೇಕಾ ಡಾಕ್ಟ್ರೇ? ಇದು ಬರೀ ನಮಸ್ಕಾರ.” ಸೂಜಿ ಹಾಕಿ ಕೀವು ತೆಗೆಯುವಾಗಲೂ ನೀವು ಅವರ ಹೆಂಡತಿ ಮಕ್ಕಳ ಕ್ಷೇಮವನ್ನೇ ವಿಚಾರಿಸುತ್ತಿದ್ದಿರಿ.

ಈಗ ನನ್ನ ಬೇಡಿಕೆ. ಮುಂದಿನ ತಿಂಗಳು ನಕಿಟ್ಟೊಳ ಮದುವೆ, ಅದೇ ನೆಂಟರು, ಅದೇ ಮಾತುಗಾರ. ಮತ್ತೆ ಊರಿದರೆ ಕೀವು ತಿರುಗಿ ಬರಬಹುದು. ಆಗ ಕೊಯ್ದು ಚೀಲವನ್ನೇ ತೆಗೆಯಬೇಕಾದೀತು ಎಂದು ಡಾಕ್ಟರು ನನ್ನನ್ನು ಬದಿಗೆ ಕರೆದು ಹೇಳಿದ್ದಾರೆ. ನೋವು ಹೋಯಿತೆಂದು ಗುಳಿಗೆಗಳನ್ನು ಅರ್ಧಕ್ಕೆ ಬಿಡಬೇಡಿ. ದಿಂಬಿನ ಮೇಲೆ ಕಾಲಿಟ್ಟು ಮಲಗಿ. ಸೊಪ್ಪು ಬೇಡ, ಉಜ್ಜುವುದೂ ಬೇಡ. ಮತ್ತೆ ಕೆಂಪಾದರೆ, ಬಿಸಿಯಾದರೆ, ಯಾರನ್ನೂ ಕೇಳದೆ ಆಸ್ಪತ್ರೆಗೆ ಹೊರಡಿ. ಮದುವೆಯ ದಿನ ಕಾಲು ಚಾಚಿ ಕುರ್ಚಿಯಲ್ಲೇ ಕೂತಿರಿ, ತಲೆ ಬಾಗಿಸಿದರೆ ಸಾಕು. ಅಪ್ಪನಿಗೆ ಫೋನಿನಲ್ಲಿ ಹೇಳಿದೆ. “ಕಾಲು ಚಾಚಿ ಕೂತ ಸೆಂಗಾನ ಯಾರು ನೋಡಿದಾರೆ? ನಮ್ಮಕ್ಕ ನನ್ನ ಮಾತು ಕೇಳಲ್ಲ, ನೀನೇ ಬರಿ” ಅಂದರು.

ದೇವರು ನಿಮ್ಮ ಕಾಲು ಕಾಯಲಿ. ನನ್ನ ತಲೆಯ ಮೇಲೆ ನಿಮ್ಮ ಕೈ ಇರಲಿ.

ನಿಮ್ಮ ಮಗಳು,
ನಬ್ಬೋಸ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಫೋನ್ ಇಡುವ ಮೊದಲು ಅಪ್ಪ ಇನ್ನೊಂದು ಮಾತು ಹೇಳಿದರು. ರಜೆಗೆ ಬಂದಾಗಲೆಲ್ಲ ನಾನು ಹಿರಿಯರಿಗೆ ನಿಂತೇ ಕೈಕುಲುಕುತ್ತಿದ್ದೆನಲ್ಲ, ಆಗ ನೀವು ನನ್ನ ಹಿಂದೆ ಎರಡನೇ ಸಲ ಮೊಣಕಾಲೂರುತ್ತಿದ್ದಿರಂತೆ. “ಮೊದಲು ಊರಿದ್ದು ನಂದು. ಇದು ಮಗೂದು. ಹಾಸ್ಟೆಲ್ ಮಗು, ಬೇಜಾರು ಮಾಡ್ಕೋಬೇಡಿ” ಅನ್ನುತ್ತಿದ್ದಿರಂತೆ. ನೀವು ಬಗ್ಗುವುದು ನನಗೂ ಕಾಣುತ್ತಿತ್ತು. ಏನೋ ಬಿದ್ದಿರಬೇಕು, ಹೆಕ್ಕುತ್ತಿದ್ದಾರೆ ಅಂದುಕೊಂಡಿದ್ದೆ.

ನಿನ್ನೆ ಕೋಣೆಯ ಸಿಮೆಂಟಿನ ಮೇಲೆ ಊರಿ ನೋಡಿದೆ. ಟೀ ನೀರು ಕುದಿಯುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ಗೆಳತಿ ಒಳಗೆ ಬಂದವಳು, “ಏನೇ ಹುಡುಕ್ತಿದೀಯ?” ಅಂದಳು.

ಮದುವೆಗೆ ಬರುತ್ತೇನೆ ಸೆಂಗಾ. ನೀವು ಕುರ್ಚಿ ಬಿಟ್ಟು ಏಳಬೇಡಿ. ಮೊದಲು ನನ್ನದು ಊರುತ್ತೇನೆ. ಆಮೇಲೆ ನಿಮ್ಮದು.