ನಾಳೆಯ ಅಂಟಕ್ಕಿ

ತಮ್ಮಾ ಕಾಂಪೆಂಗ್,

ಅಮ್ಮನನ್ನು ಖೋನ್ ಕೇನ್ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೇನೆ. ಮರೆವಿನ ರೋಗ ಶುರುವಾಗಿದೆಯೇ ಎಂದು ಈಗ ರಕ್ತದಲ್ಲೇ ಗೊತ್ತಾಗುತ್ತದಂತೆ. ಅವಳಿಗೆ ಸಕ್ಕರೆ ಪರೀಕ್ಷೆ ಎಂದಿದ್ದೇನೆ. ನೀನು ಬಾಯಿ ಬಿಡಬೇಡ.

ಎಮ್ಮೆಯನ್ನು ನೆರಳಿಗೆ ಕಟ್ಟು. ನಿನಗೆ ಹೇಳದಿದ್ದರೆ ಅದೂ ಆಗುವುದಿಲ್ಲ.

ನಿನ್ನೆ ಬೆಳಿಗ್ಗೆ ಅಮ್ಮ ಭಿಕ್ಷುಗಳ ಪಾತ್ರೆಗೆ ಅನ್ನದ ಬದಲು ಹಸಿ ಅಂಟಕ್ಕಿ ಹಾಕಿದಳು. ಹಿರಿಯ ಭಿಕ್ಷು ಮುಚ್ಚಳ ಮುಚ್ಚಿ ಹರಸಿದರು. ನನಗೆ ಅಳು ಬಂತು. "ಅವರ ಹಲ್ಲು ಗಟ್ಟಿಯಾಗ್ಲಿ ಬಿಡೇ" ಎಂದು ಅಮ್ಮ ನಕ್ಕಳು.

ರೋಗ ಇದೆ ಅಂತ ಬಂದರೆ ಏನು ಮಾಡುವುದೆಂದು ಆಸ್ಪತ್ರೆಯ ಡಾಕ್ಟರಮ್ಮನನ್ನು ಫೋನಿನಲ್ಲಿ ಕೇಳಿದೆ. "ಜೊತೆಗಿರಿ" ಅಂದರು. ಜೊತೆಗೇ ಇದ್ದೇವಲ್ಲೋ, ಇನ್ನೇನು ಮಾಡೋಣ?

ಬರುವುದು ತಡವಾಗುತ್ತದೆ. ನಾಳೆಯ ಅಂಟಕ್ಕಿಯನ್ನು ನೀನೇ ನೆನೆಹಾಕು. ಅಮ್ಮ ಕೇಳಿದರೆ, "ಹೊರಡೋ ಮುಂಚೆ ನೀನೇ ಹಾಕಿದ್ದೆಯಲ್ಲಮ್ಮಾ" ಅನ್ನು.

ಅಕ್ಕ