ಹೊಸಹಳ್ಳಿ ಆಂಜಿನಯ್ಯನವರ ಅನುಭವ

ಜುಲೈ 6, 1998. ಸೋಮವಾರ, ಸಂಜೆ

ಈ ತಿಂಗಳ ಆಂಜಿನಯ್ಯ ಮುಗಿದ. ಮುಕ್ಕಾಲು ಗಂಟೆ ಹಿಡಿಯಿತು. "ಮಾನ್ಯ ಸಂಪಾದಕರೇ, ನಾನು ಹೊಸಹಳ್ಳಿಯ ಒಬ್ಬ ಸಾಮಾನ್ಯ ರೈತ..." ಸಂಪಾದಕಿ ನಾನೇ, ರೈತನೂ ನಾನೇ. ಕಂಪನಿ ಪತ್ರಿಕೆಗೆ ನಿಜವಾದ ರೈತರು ಬರೆಯುವುದಿಲ್ಲ, ಬರೆದರೂ ಬೈದು ಬರೆಯುತ್ತಾರೆ. ಅದಕ್ಕೇ ಮೂರು ವರ್ಷದ ಹಿಂದೆ ಇವನನ್ನು ಹುಟ್ಟಿಸಿದ್ದು. ಊರು ಹೊಸಹಳ್ಳಿ ಎಂದಿಟ್ಟೆ. ತಾಲ್ಲೂಕಿಗೊಂದು ಹೊಸಹಳ್ಳಿ ಇದೆ, ಯಾರೂ ಹುಡುಕಿಕೊಂಡು ಹೋಗುವ ಹಾಗಿಲ್ಲ. ಆಗ ಈ ಜಾಣತನಕ್ಕೆ ಬಹಳ ಹೆಮ್ಮೆಪಟ್ಟಿದ್ದೆ.

ರಾಗಿ ಎಕರೆಗೆ ಹದಿನೆಂಟು ಕ್ವಿಂಟಾಲ್ ಎಂದು ಬರೆದಿದ್ದೆ. ಮ್ಯಾನೇಜರ್ ಮನೋಹರ್ ಅದನ್ನು ಹೊಡೆದು ಇಪ್ಪತ್ತೆಂಟು ಮಾಡಿದ. "ಮೇಡಂ, ಹದಿನೆಂಟಕ್ಕೆ ಯಾರ್ ಬಾಟ್ಲಿ ಕೊಂಡ್ಕೋತಾರೆ?" ಬಾಟಲಿ ಎಂದರೆ ನಮ್ಮ 'ಸಿರಿಬಲ'. ಬೆಳೆಗೆ ಹೊಡೆಯುವ ಟಾನಿಕ್. ಲೇಬಲ್ ಮೇಲೆ "ಶುದ್ಧ ಗಿಡಮೂಲಿಕೆ" ಎಂದಿದೆ. ಆ ಎರಡು ಪದವೂ ನನ್ನವೇ.

ಬರೀ ರಾಗಿ, ರಾಗಿ ಎಂದು ಬೇಜಾರಾಗಿ ಕೊನೆಯಲ್ಲಿ ನಾಲ್ಕು ಸಾಲು ಸೇರಿಸಿದೆ. ಆಂಜಿನಯ್ಯನ ಹೆಂಡತಿ ರೇಷ್ಮೆ ಸಾಕುತ್ತಾಳೆ. ಹಿಪ್ಪುನೇರಳೆ ಸೊಪ್ಪಿಗೂ ಸಿರಿಬಲ ಹೊಡೆದರು. ಎಲೆ ಅಂಗೈಯಗಲ ಬಂತು, ಗೂಡು ದಪ್ಪ ಬಂತು. ಓದಿದರೆ ಚೆನ್ನಾಗಿದೆ. ಮನೋಹರನಿಗೂ ಹಿಡಿಸಿತು. "ಹೊಸ ಮಾರ್ಕೆಟ್ಟು ಮೇಡಂ!"

ಜುಲೈ 9. ಗುರುವಾರ

ಗೋಡೌನಿನಲ್ಲಿ ಒಂದು ಕಾರ್ಟನ್ ಸೋರಿದೆ. ತಿಗಣೆ ಔಷಧಿಯಂಥ ವಾಸನೆ ಮೆಟ್ಟಿಲವರೆಗೂ ಬಂದಿತ್ತು. ಕಸ ಗುಡಿಸುವ ಮುನಿಯಮ್ಮ ಮೊರದ ತುಂಬ ಸತ್ತ ಜಿರಲೆ ತೋರಿಸಿದಳು. "ನಿಮ್ ಟಾನಿಕ್ ಕುಡ್ದು ಮಲ್ಗವ್ರೆ ನೋಡ್ರಮ್ಮ." ನಕ್ಕೆವು. ಗಿಡಮೂಲಿಕೆಗೆ ಜಿರಲೆ ಏಕೆ ಸಾಯಬೇಕು ಎಂದು ಒಂದು ಗಳಿಗೆ ಅನಿಸಿತು. ಮಲ್ಲೇಶ್ವರದ ಬಸ್ಸು ತಪ್ಪುತ್ತದೆಂದು ಹೊರಟುಬಿಟ್ಟೆ.

ಆಗಸ್ಟ್ 20. ಗುರುವಾರ

ಇವತ್ತು ಒಬ್ಬಾಕೆ ಬಂದಿದ್ದರು. ಬಸವಮ್ಮ. ಶಿಡ್ಲಘಟ್ಟದ ಆಚೆ ಯಾವುದೋ ಹಳ್ಳಿ. ಅರವತ್ತು ದಾಟಿದೆ. ಮೆಜೆಸ್ಟಿಕ್‌ನಿಂದ ಚಾಮರಾಜಪೇಟೆಗೆ ಕೇಳಿಕೊಂಡು ಕೇಳಿಕೊಂಡು ನಡೆದೇ ಬಂದಿದ್ದಾರೆ. ಕೈಯಲ್ಲಿ ಜುಲೈ ಸಂಚಿಕೆ, ನಾಲ್ಕು ಮಡಿಕೆ ಮಾಡಿದ್ದು.

"ಆಂಜಿನಯ್ಯನೋರ ಮನೆ ಎಲ್ಲೈತೆ ಹೇಳಮ್ಮ. ಅವರ ಹೆಂಡ್ರನ್ನ ಒಂದ್ ಮಾತ್ ಕೇಳ್ಬೇಕಿತ್ತು."

ಏನು ಮಾತು?

"ನಾನೇನ್ ತಪ್ ಮಾಡ್ದೆ ಅಂತ."

ಕೂರಿಸಿದೆ. ಕಾಫಿ ತರಿಸಿದೆ. ಹೇಳಿದರು. ಮೊಮ್ಮಗಳು ಆಂಜಿನಯ್ಯನ ಪತ್ರ ಗಟ್ಟಿಯಾಗಿ ಓದಿ ಹೇಳಿದಳಂತೆ. ಮಗ ಬೇಡವೆಂದ. ಇವರೇ ಹಟ ಹಿಡಿದರು, ಅಚ್ಚಾಗಿದೆ ನೋಡೋ ಎಂದು. ಔಷಧಿ ಹೊಡೆಸಿ, ಬಾಟಲಿ ಮೇಲೆ ಬರೆದಷ್ಟೇ ದಿನ ಬಿಟ್ಟು, ಸೊಪ್ಪು ಕುಯ್ದು ಹುಳುವಿಗೆ ಹಾಕಿದರು.

"ನಾಲ್ಕನೇ ಜ್ವರ ಎದ್ದಿದ್ವು. ಇನ್ನೊಂದ್ ವಾರಕ್ಕೆ ಹಣ್ಣಾಗಿ ಗೂಡು ಕಟ್ಟೋವು. ಬೆಳಗ್ಗೆ ಸೊಪ್ ಹಾಕ್ದೆ, ಮಧ್ಯಾಹ್ನಕ್ಕೆ ತಲೆ ಎತ್ಕೊಂಡು ಹಸ್ರು ನೀರು ಕಕ್ತಾ ಅವೆ. ಸಂಜೆಗೆ ತಟ್ಟೆ ತಟ್ಟೆನೇ ಸತ್ತು ಬಿದ್ವು ಕಣಮ್ಮ. ಗುಂಡಿ ತೆಗ್ದು ಹಾಕುದ್ವಿ."

ಹುಳು ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆಂದು ಇವತ್ತೇ ಗೊತ್ತಾದದ್ದು. ಎಲೆಗೆ ಬಿದ್ದದ್ದನ್ನೆಲ್ಲ ಹುಳು ತಿನ್ನುತ್ತದೆ. ಇದಕ್ಕೆ ಓದು ಬೇಕಿಲ್ಲ, ಎರಡು ನಿಮಿಷ ಯೋಚಿಸಿದ್ದರೆ ಸಾಕಿತ್ತು. ನಾನು ವಾಕ್ಯದ ಲಯ ನೋಡಿಕೊಂಡು ಕೂತಿದ್ದೆ.

ಆಂಜಿನಯ್ಯ ಊರಲ್ಲಿಲ್ಲ, ತಿರುಪತಿಗೆ ಹೋಗಿದ್ದಾರೆ ಎಂದೆ. ತಡವರಿಸಲಿಲ್ಲ ಕೂಡ.

ಆಗಸ್ಟ್ 21. ಶುಕ್ರವಾರ

ಮನೋಹರನನ್ನು ನೇರವಾಗಿ ಕೇಳಿದೆ. ಸಿರಿಬಲದಲ್ಲಿ ಏನಿದೆ?

"ಎಲ್ಲಾ ಕಂಪ್ನಿಯೋರೂ ಸ್ವಲ್ಪ ಹಾಕ್ತಾರೆ ಮೇಡಂ." 

ಏನು ಸ್ವಲ್ಪ?

"ಕೀಟನಾಶಕ. ಬರೀ ಗಿಡಮೂಲಿಕೆ ಹಾಕಿದ್ರೆ ಬೆಳೆಯ ಹುಳ ಸಾಯಲ್ಲ. ಹುಳ ಸಾಯ್ದಿದ್ರೆ ಟಾನಿಕ್ ಕೆಲ್ಸ ಮಾಡ್ತಿಲ್ಲ ಅಂತಾನೆ ರೈತ. ನೀವ್ ಯಾಕ್ ರೇಷ್ಮೆ ಬರೆದ್ರಿ?"

ನಾನು ಯಾಕೆ ಬರೆದೆ! ನೀನೇ ಕುಣಿದೆಯಲ್ಲೋ ಹೊಸ ಮಾರ್ಕೆಟ್ಟು ಎಂದು. ಬಾಯಿಗೆ ಬಂತು, ನುಂಗಿಕೊಂಡೆ. ಆಮೇಲೆ ಅವನೇ ನಗುತ್ತಾ ಇನ್ನೊಂದು ಸುದ್ದಿ ಹೇಳಿದ. ಯಾವುದೋ ಸೆಮಿನಾರಿನಲ್ಲಿ ಯಾರೋ ದೊಡ್ಡ ಮನುಷ್ಯರು ರಾಜ್ಯದ ಇಳುವರಿ ಬಗ್ಗೆ ಭಾಷಣ ಮಾಡುತ್ತಾ ನಮ್ಮ ಇಪ್ಪತ್ತೆಂಟು ಕ್ವಿಂಟಾಲನ್ನು ಹೇಳಿದರಂತೆ. "ಒಬ್ಬ ಸಾಮಾನ್ಯ ರೈತನಿಗೆ ಸಾಧ್ಯವಾದದ್ದು ಉಳಿದವರಿಗೆ ಏಕಿಲ್ಲ?" ಈಗ ಡೀಲರುಗಳೆಲ್ಲ ಆಂಜಿನಯ್ಯನನ್ನು ನೋಡಬೇಕು ಎನ್ನುತ್ತಿದ್ದಾರೆ. ಸೆಪ್ಟೆಂಬರಿನಲ್ಲಿ ಸನ್ಮಾನ. ಯಾರನ್ನಾದರೂ ಹುಡುಕಬೇಕು.

ಮನೆಗೆ ಬಂದು ಇವರಿಗೆ ಹೇಳಿದೆ. ಪೇಪರಿನಿಂದ ತಲೆ ಎತ್ತಲಿಲ್ಲ. "ಎಲ್ಲಾ ಕಡೆನೂ ಹಾಗೇ ಕಣೆ ಗೋದಾ. ನೀನೇನು ಔಷಧಿ ಮಾಡಿದ್ಯಾ? ಬರೆದೆ ಅಷ್ಟೇ." ಅಷ್ಟೇ. ಸೊಪ್ಪಿನ ಹುಳಿ ಬಡಿಸುವಾಗ ಹಸಿರು ಕಂಡು ನನ್ನ ತಟ್ಟೆಗೆ ಹಾಕಿಕೊಳ್ಳಲಿಲ್ಲ.

ಆಗಸ್ಟ್ 31. ಸೋಮವಾರ

ಬಸವಮ್ಮ ಮತ್ತೆ ಬಂದಿದ್ದರು. ಮೂರು ಹೊಸಹಳ್ಳಿಗೆ ಹೋಗಿ ಬಂದಿದ್ದಾರೆ!! ಒಂದು ಚಿಂತಾಮಣಿ ಕಡೆಯದು, ಒಂದು ದೊಡ್ಡಬಳ್ಳಾಪುರದ್ದು, ಇನ್ನೊಂದು ಎಲ್ಲಿಯದೋ. ಒಂದು ಊರಿನಲ್ಲಿ ಆಂಜಿನಯ್ಯ ಎನ್ನುವವನು ಇದ್ದನಂತೆ, ಕ್ಷೌರದವನು. ಪಾಪ, ಮಜ್ಜಿಗೆ ಕೊಟ್ಟು ಕಳಿಸಿದನಂತೆ. ಅದನ್ನು ಹೇಳಿ ತಾವೇ ನಕ್ಕರು.

ಇಷ್ಟು ಅಲೆಯುವುದು ಯಾಕೆ ಎಂದು ಕೇಳಿದೆ. ಆಗ ಪೂರ್ತಿ ಹೇಳಿದರು. ಔಷಧಿ ಹೊಡೆದ ವಾರ ಅಕ್ಕನ ಮನೆಯ ಸಾವಿಗೆ ಹೋಗಿ ಬಂದಿದ್ದರು. ಸ್ನಾನ ಮಾಡಿಯೇ ಸೊಪ್ಪು ಮುಟ್ಟಿದ್ದು. ಆದರೂ ಸೊಸೆಯ ವಾದ ಬೇರೆ.

"ಅದೇ ಔಷ್ದಿ ಹೊಡ್ದು ಆಂಜಿನಯ್ಯನೋರ್ ಹುಳ ಬದುಕ್ಲಿಲ್ವಾ? ಹಂಗಾದ್ರೆ ಔಷ್ದಿದಲ್ಲ, ನಿನ್ ಕೈಯೇ ಕೆಟ್ಟದ್ದು ಅಂತಾಳೆ. ಮಗ ಸುಮ್ಕಿರ್ತಾನೆ. ಹುಳುಮನೆಗೆ ಬೀಗ ಹಾಕವ್ಳೆ. ನಲ್ವತ್ ವರ್ಸ ಹುಳ ಸಾಕಿದೀನಿ ಕಣಮ್ಮ ನಾನು. ಈಗ ಬಾಗ್ಲಲ್ಲಿ ನಿಂತ್ರೂ ಅತ್ಲಾಗ್ ಹೋಗು ಅಂತಾಳೆ."

ಸೊಸೆಯ ಸಾಕ್ಷಿ ನನ್ನ ಪತ್ರ. ಆ ನಾಲ್ಕು ಸಾಲು. ಮಡಿ ಮೈಲಿಗೆ ಎಂದು ನಮ್ಮ ಅತ್ತೆ ನನ್ನನ್ನು ಹಿತ್ತಲಲ್ಲಿ ಕೂರಿಸಿದ ಕಾಲ ನನಗೆ ಮರೆತಿಲ್ಲ. ಆಗ ಎಷ್ಟು ಕುದಿದಿದ್ದೆ. ಈಗ ಅದನ್ನೇ ಅಚ್ಚು ಹಾಕಿ ಹದಿನೆಂಟು ಸಾವಿರ ಪ್ರತಿ ಹಂಚಿದ್ದೇನೆ.

"ಅವರು ಒಂದ್ ಕಿತ ಬಂದು ನಮ್ ಹುಡುಗುಂಗೆ ಹೇಳ್ಬೇಕು, ನಿಮ್ಮವ್ವಂದೇನ್ ತಪ್ಪಿಲ್ಲ ಅಂತ. ಅಷ್ಟೇ."

ಆಗಲೇ ನಿಜ ಹೇಳಬೇಕಿತ್ತು. ಒಂದು ವಾಕ್ಯದ ಕೆಲಸ. ಮನೋಹರನ ಕ್ಯಾಬಿನ್ ಬಾಗಿಲು ತೆರೆದಿತ್ತು. "ಹನ್ನೆರಡನೇ ತಾರೀಖು ಫಂಕ್ಷನ್ನಿಗೆ ಬನ್ನಿ, ಅವರು ಬರ್ತಾರೆ" ಎಂದುಬಿಟ್ಟೆ. ಹೇಗೂ ಅಷ್ಟು ದೂರದಿಂದ ಬರಲಾರರು ಎಂದುಕೊಂಡೆ. ಮೂರು ಹೊಸಹಳ್ಳಿ ಅಲೆದವರ ಬಗ್ಗೆ ಹಾಗೆ ಅಂದುಕೊಳ್ಳುವ ತಲೆ ನನ್ನದು.

ಥೂ.

ಸೆಪ್ಟೆಂಬರ್ 12. ಶನಿವಾರ

ಬಂದರು. ಮಗನನ್ನೂ ಕರೆದುಕೊಂಡು.

ಬರೆದುಬಿಡುತ್ತೇನೆ, ಇಲ್ಲದಿದ್ದರೆ ನಾಳೆಯ ಹೊತ್ತಿಗೆ ಇದಕ್ಕೂ ಬಣ್ಣ ಹಚ್ಚುತ್ತೇನೆ.

ಆಂಜಿನಯ್ಯನಾಗಿ ಬಂದವರು ದೊಡ್ಡಬೈರಪ್ಪ, ನಮ್ಮ ಆಫೀಸಿನ ಕಟ್ಟಡದ ಓನರ್. ಇದ್ದ ಹೊಲವನ್ನೆಲ್ಲ ಸೈಟು ಮಾಡಿ ಮಾರಿ ಹತ್ತು ವರ್ಷವಾಯಿತು. ಮಾತು ಹಳ್ಳಿಯದು, ಮೀಸೆ ಚೆನ್ನಾಗಿದೆ, ಅಷ್ಟು ಸಾಕಾಯಿತು ಮನೋಹರನಿಗೆ. ಶಾಲು, ಹಾರ, ಮೈಸೂರು ಪೇಟ. ಬಹುಮಾನಕ್ಕೆ ಬೆನ್ನಿಗೆ ಹಾಕುವ ಸ್ಪ್ರೇಯರ್. ಅದನ್ನು ತಿರುಗಾಮುರುಗಾ ಹಾಕಿಕೊಂಡರು. ಡೀಲರುಗಳು ಚಪ್ಪಾಳೆ ತಟ್ಟಿದರು, ಯಾರೊಬ್ಬರೂ ನಗಲಿಲ್ಲ. ಇಡೀ ಹಾಲಿನಲ್ಲಿ ಸ್ಪ್ರೇಯರ್ ಹಾಕಿ ಗೊತ್ತಿದ್ದವನು ಬಸವಮ್ಮನ ಮಗ ಒಬ್ಬನೇ ಇರಬೇಕು.

ವೇದಿಕೆ ಇಳಿಯುವಾಗ ಬಸವಮ್ಮ ಅಡ್ಡ ನಿಂತರು. ಕೈ ಮುಗಿದು ಎಲ್ಲ ಹೇಳಿದರು. ಔಷಧಿ, ಸೊಪ್ಪು, ಹುಳು. ನಾನು ಹಾರದ ತಟ್ಟೆ ಹಿಡಿದು ಹತ್ತು ಅಡಿ ದೂರದಲ್ಲಿದ್ದೆ. ದೊಡ್ಡಬೈರಪ್ಪನವರಿಗೆ ಮೊದಲು ತಲೆಬುಡ ತಿಳಿಯಲಿಲ್ಲ. ಮನೋಹರನ ಮುಖ ನೋಡಿದರು. ಆಮೇಲೆ ಹಾರ ಸರಿಮಾಡಿಕೊಂಡು ದೊಡ್ಡ ದನಿಯಲ್ಲಿ ಹೇಳಿದರು.

"ನಮ್ಮನೇಲಿ ಒಂದ್ ಹುಳಾನೂ ಸಾಯ್ಲಿಲ್ಲಮ್ಮ. ರೇಷ್ಮೆ ಅಂದ್ರೆ ಲಕ್ಷ್ಮಿ ಇದ್ದಂಗೆ. ಕೈ ಶುದ್ಧವಾಗಿರ್ಬೇಕು."

ಮಗ ತಾಯಿಯ ಮುಖ ನೋಡಿದ. ಬಸವಮ್ಮ ಮುಗಿದಿದ್ದ ಕೈಯನ್ನು ಕೆಳಗಿಳಿಸಿದರು. ತಲೆ ಆಡಿಸಿದರು, ಪಾಠ ಹೇಳಿಸಿಕೊಂಡವರ ಹಾಗೆ.

ನಾನು ತಟ್ಟೆ ಕೆಳಗಿಟ್ಟೆ. ಊಟದ ಕೂಪನ್ ಹಂಚಿದೆ. ಅವರಿಬ್ಬರಿಗೂ ಕೊಡಲು ಹುಡುಕಿದರೆ ಹೊರಟುಹೋಗಿದ್ದರು. ದೊಡ್ಡಬೈರಪ್ಪ ಎರಡನೇ ಹೋಳಿಗೆ ಹಾಕಿಸಿಕೊಳ್ಳುತ್ತಾ "ಸರಿಯಾಗ್ ಮಾತಾಡ್ದೆ ತಾನೆ ಮೇಡಂ?" ಎಂದು ಕೇಳಿದರು. ಅವರ ಮೇಲೂ ಅಸಹ್ಯ. ಆದರೆ ಆ ಮಾತನ್ನು ಅವರ ಬಾಯಿಗೆ ಇಟ್ಟದ್ದು ಯಾರು?

ಸೆಪ್ಟೆಂಬರ್ 13. ಭಾನುವಾರ

ಊಟ ಸೇರಲಿಲ್ಲ. ಇವರು ಬಲವಂತ ಮಾಡಿ ಸಂಪಿಗೆ ರಸ್ತೆಗೆ ಕರೆದೊಯ್ದು ದೋಸೆ ಕೊಡಿಸಿದರು. ಪಕ್ಕದ ಟೇಬಲಿನಲ್ಲಿ ಯಾರೋ ರೇಷ್ಮೆ ಸೀರೆಯ ಕವರು ಬಿಚ್ಚಿ ನೋಡುತ್ತಿದ್ದರು. ಅರ್ಧಕ್ಕೇ ಎದ್ದು ಬಂದೆ.

ಬಸವಮ್ಮನ ಊರು ಆಫೀಸಿನ ವಿಸಿಟರ್ಸ್ ಪುಸ್ತಕದಲ್ಲಿದೆ.

ಸೆಪ್ಟೆಂಬರ್ 22. ಮಂಗಳವಾರ

ಒಂಬತ್ತು ದಿನ ಧೈರ್ಯ ಮಾಡಿಕೊಳ್ಳುವುದಕ್ಕೇ ಹೋಯಿತು. ನಿನ್ನೆ ರಾಜೀನಾಮೆ ಕೊಟ್ಟೆ. ಮನೋಹರ್ ಅಕ್ಟೋಬರಿನ ಆಂಜಿನಯ್ಯ ಬರೆದುಕೊಟ್ಟು ಹೋಗಿ ಎಂದ. ನಾಚಿಕೆಯೂ ಇಲ್ಲ.

ಇವತ್ತು ಹೋಗಿಬಂದೆ.

ಮಗ, ಸೊಸೆ ಇಬ್ಬರೂ ಇದ್ದರು. ಹಜಾರದಲ್ಲಿ ಚಾಪೆ ಹಾಕಿದರು. ಸುತ್ತಿ ಬಳಸಲಿಲ್ಲ. ಆಂಜಿನಯ್ಯ ಎನ್ನುವವನೇ ಇಲ್ಲ, ಆ ಪತ್ರ ಬರೆದವಳು ನಾನು, ರೇಷ್ಮೆ ಹುಳುವನ್ನು ನಾನು ಜನ್ಮದಲ್ಲಿ ಮುಟ್ಟಿಲ್ಲ, ಔಷಧಿಯಲ್ಲಿ ವಿಷ ಇತ್ತು, ನಿಮ್ಮ ತಾಯಿಯ ಕೈಯದು ಏನೂ ತಪ್ಪಿಲ್ಲ. ಎಲ್ಲ ಹೇಳಿದೆ. ಜಿರಲೆ ಸತ್ತದ್ದನ್ನೂ ಹೇಳಿದೆ.

ಸೊಸೆ ಸೆರಗು ಬಾಯಿಗಿಟ್ಟುಕೊಂಡಳು. ಮಗ ಎದ್ದು ಹೋಗಿ ಬೀಗದ ಕೈ ತಂದು ತಾಯಿಯ ಮುಂದೆ ಇಟ್ಟ. ನನ್ನನ್ನು ಬೈಯಲಿ ಎಂದು ಕಾದೆ. ಬೈದಿದ್ದರೆ ಸುಖವಾಗಿರುತ್ತಿತ್ತು.

ಬಸವಮ್ಮ ನಕ್ಕರು. ನನ್ನ ಮೊಣಕಾಲು ಮುಟ್ಟಲು ಕೈ ಚಾಚಿದವರು ಹಿಂದಕ್ಕೆ ತೆಗೆದುಕೊಂಡರು.

"ನೀವು ಒಳ್ಳೇರು ಕಣಮ್ಮ. ನನಗೋಸ್ಕರ ಇಷ್ಟ್ ದೂರ ಬಂದು ಸುಳ್ ಹೇಳ್ತಿದೀರ. ಅವರ್ನ ನಾನೇ ಕಣ್ಣಾರೆ ನೋಡಿಲ್ವಾ? ಪೇಟ ಕಟ್ಟಿದ್ರು, ಅಷ್ಟ್ ಜನ ಚಪ್ಪಾಳೆ ಹೊಡುದ್ರು. ಅಂಥೋರೇ ಹೇಳುದ್ಮೇಲೆ..."

ಇಲ್ಲ ಬಸವಮ್ಮ, ಅವರು ನಮ್ಮ ಬಿಲ್ಡಿಂಗ್ ಓನರ್ ಎಂದೆ. ದೇವರಾಣೆ ಮಾಡಿದೆ. ಮಗನೂ ಹೇಳಿದ. ಸೊಸೆ ಅತ್ತುಕೊಂಡು ಹೇಳಿದಳು. ಸರಿ ಬುಡಿ, ಸರಿ ಬುಡಿ ಎಂದರು. ಬೀಗದ ಕೈ ನೆಲದ ಮೇಲೇ ಇತ್ತು.

ಊಟ ಮಾಡಿಕೊಂಡೇ ಹೋಗಬೇಕೆಂದರು. ಬೇರೆಯವರ ಮನೆಯಲ್ಲಿ, ಅದರಲ್ಲೂ ಹಳ್ಳಿಯಲ್ಲಿ, ನಾನು ಉಂಡವಳಲ್ಲ. ಕೂತೆ. ಎಲೆ ಹಾಕಿದರು. ಬಸವಮ್ಮ ಕಂಬಕ್ಕೆ ಒರಗಿ ದೂರದಲ್ಲೇ ನಿಂತು "ನೀನೇ ಬಡ್ಸು" ಎಂದು ಸೊಸೆಗೆ ಹೇಳಿದರು. ಎರಡೂ ಕೈ ಸೆರಗಿನೊಳಗೆ. ಒಂದು ತಿಂಗಳಿನಿಂದ ಅತ್ತೆ ಯಾರಿಗೂ ಬಡಿಸುತ್ತಿಲ್ಲ, ಮೊಮ್ಮಗಳಿಗೂ ತಲೆ ಬಾಚುತ್ತಿಲ್ಲ ಎಂದು ಸೊಸೆ ಪಿಸುಗುಟ್ಟಿದಳು. ತಾನು ಹಾಗೆ ಮಾಡು ಎಂದಿರಲಿಲ್ಲವಂತೆ.

ನೀವೇ ಬಡಿಸಿ ಎಂದೆ. ತಲೆ ಅಲ್ಲಾಡಿಸಿದರು. ನೀವು ಬಡಿಸದೆ ನಾನು ಉಣ್ಣುವುದಿಲ್ಲ ಎಂದೆ. ಮುದ್ದೆ ಆರುತ್ತಿತ್ತು. ಎಲೆಯ ಮುಂದೆ ಹಾಗೇ ಕೂತಿದ್ದೆ. ಎಷ್ಟು ಹೊತ್ತೋ. ಕೊನೆಗೆ ಕಂಬದ ಹತ್ತಿರದಿಂದ ಎರಡು ಹೆಜ್ಜೆ ಮುಂದೆ ಬಂದರು. ಸೆರಗಿನಿಂದ ಒಂದು ಕೈ ಹೊರಗೆ ತೆಗೆದು, ಅದನ್ನೇ ತಿರುಗಿಸಿ ನೋಡಿಕೊಂಡು, ಸೊಸೆಯ ಕೈಯಲ್ಲಿದ್ದ ಸೌಟು ಇಸಿದು ನನ್ನ ಎಲೆಗೆ ಸಾರು ಹಾಕಿದರು.