ಸಮಾಧಿಯೊಳಗೆ ಬಂದ ಬಿಸಿಲು

ಹ್ಯಾರೋ, ಲಂಡನ್
ಡಿಸೆಂಬರ್ 22

ಅಣ್ಣಾ, ಮಗಳ ಮನೆಯ ಚಳಿಯಿಂದ ನಮಸ್ಕಾರ.

ನಿನ್ನೆ ಅಳಿಯ ನಮ್ಮನ್ನು ಸಾಮರ್ಸೆಟ್‌ನಲ್ಲಿರುವ ಐದೂವರೆ ಸಾವಿರ ವರ್ಷ ಹಳೆಯ ಕಲ್ಲಿನ ಸಮಾಧಿಗೆ ಕರೆದೊಯ್ದ. ವರ್ಷದ ಅತಿ ಚಿಕ್ಕ ಹಗಲಿನಂದು ಹುಟ್ಟುವ ಸೂರ್ಯನ ಬೆಳಕು ಅದರ ಒಳಗೋಡೆಯವರೆಗೂ ಹೋಗುತ್ತದಂತೆ. ಮೋಡ ಕವಿದಿದ್ದರಿಂದ ಬಹಳ ಜನ ಹಿಂತಿರುಗಿದರು. ಮೊಮ್ಮಗಳು ಸಿಂಚನಾ ಮತ್ತು ನಾನು ತೆವಳಿಕೊಂಡು ಒಳಗೆ ಹೋಗಿ ಕುಳಿತೆವು. ಗೋಡೆ ಸವರಿ ನೋಡಿದೆ. ಗಾರೆಯೇ ಇಲ್ಲ, ಆದರೂ ಒಂದು ಕಲ್ಲೂ ಅಲುಗಾಡದು. ಅಷ್ಟರಲ್ಲಿ ಮೋಡ ಸರಿದು ಬಿಸಿಲು ನನ್ನ ಕೈಮೇಲೆಯೇ ಬಿತ್ತು.

“ಅಜ್ಜಾ, ಹೂ ಬಿಲ್ಟ್ ಇಟ್?” ಎಂದಳು ಸಿಂಚನಾ.

“ನಮ್ಮಂಥಾ ಕಲ್ಲಿನ ಕೆಲಸದವ್ರೇ ಕಟ್ಯಾರವ್ವಾ,” ಎಂದೆ.

ಮೊಣಕಾಲು ಸ್ವಲ್ಪ ಊದಿದೆ, ಚಿಂತೆ ಬೇಡ. ಕೆಲಸ ಬಿಟ್ಟು ನಾಲ್ಕು ವರ್ಷವಾದರೂ ಕೈ ಮತ್ತೆ ತುಡಿಯುತ್ತಿದೆ. ನಾನು ಬರುವುದರೊಳಗೆ ನನ್ನ ಉಳಿಗಳಿಗೆ ಸಾಣೆ ಹಿಡಿಸಿಡಿ.

ನಿಮ್ಮ ತಮ್ಮ
ಮೌನೇಶ